ಸೊನ್ನೆ ನಂಬರಿನ ಆರೋಗ್ಯವಂತ

ಮಾರ್ಚ್ ೩, ಸೋಮವಾರ

ಇಂದಿನಿಂದ ದಿನಚರಿ. ಕಾರಣ ನನ್ನಾಕೆ. ಬೆಳಿಗ್ಗೆ ಕಾಫಿಗೆ ಕೂತಾಗ ಮೀಸೆಯ ಹೊಸ ಲೇಖನದಲ್ಲಿರುವ ತಪ್ಪುಗಳನ್ನು ಒಂದೊಂದಾಗಿ ಬಿಡಿಸಿ ಹೇಳುತ್ತಿದ್ದೆ. ಅವಳು ಲೋಟ ಕೆಳಗಿಟ್ಟು, "ರೀ, ನನ್ನ ತಲೆ ತಿಂದಿದ್ದು ಸಾಕು. ಎಲ್ಲಾದ್ರೂ ಬರ್ಕೊಳ್ಳಿ" ಅಂದಳು. ಬರೆದುಕೊಳ್ಳುತ್ತಿದ್ದೇನೆ.

ಮೀಸೆ ಅಂದರೆ ಒಂದು ಕಾಲದಲ್ಲಿ ಹಾಸ್ಟೆಲ್ಲಿನಲ್ಲಿ ನನ್ನ ಜೊತೆ ರೂಮು ಹಂಚಿಕೊಂಡಿದ್ದವನು, ಈಗ ಇನ್ನೊಂದು ಸಂಸ್ಥೆಯ ದೊಡ್ಡ ಪ್ರೊಫೆಸರ್. ಇಬ್ಬರೂ ಮೂವತ್ತು ವರ್ಷದಿಂದ ಒಂದೇ ಕಾಯಿಲೆಯ ಬೆನ್ನು ಹತ್ತಿದ್ದೇವೆ. ಅದು ಸ್ನಾಯುಕ್ಷಯದಲ್ಲಿ ಒಂದು ಬಗೆ. ಮುಖ, ಭುಜಗಳಿಂದ ಶುರುವಾಗಿ ಮೈಯ ಮಾಂಸಖಂಡಗಳನ್ನು ನಿಧಾನವಾಗಿ ಸೊರಗಿಸುತ್ತದೆ. ತಂದೆಗೋ ತಾಯಿಗೋ ಇದ್ದರೆ ಮಕ್ಕಳಲ್ಲಿ ಅರ್ಧಕ್ಕರ್ಧ ಜನಕ್ಕೆ ಬರುತ್ತದೆ. ಈ ರೋಗಿಗಳ ಮಾಂಸಖಂಡದಲ್ಲಿ ಇರಬಾರದ ಒಂದು ಪ್ರೋಟೀನು ಇರುತ್ತದೆ. ಮೀಸೆಯ ಪ್ರಕಾರ ಅದೇ ಕೊಲೆಗಾರ. ಅದನ್ನು ತಡೆಯುವ ಔಷಧಿಯನ್ನೂ ಮಾಡಿ ರೋಗಿಗಳ ಮೇಲೆ ಪರೀಕ್ಷಿಸಲು ಹೊರಟಿದ್ದಾನೆ. ನನ್ನ ಪ್ರಕಾರ ಅದು ಕೊಲೆ ನಡೆದ ಬೀದಿಯಲ್ಲಿ ತರಕಾರಿ ಕೊಳ್ಳುತ್ತ ನಿಂತಿದ್ದ ದಾರಿಹೋಕ. ಯಾಕೆಂದರೆ ಆರೋಗ್ಯವಂತರಲ್ಲೂ ಅದು ಸಿಗುತ್ತದೆ.

ಸಿಕ್ಕಿದ್ದು ಒಬ್ಬ ಆರೋಗ್ಯವಂತನಲ್ಲಿ ಮಾತ್ರ, ಒಪ್ಪುತ್ತೇನೆ. ಉಳಿದವರಲ್ಲಿ ಕಾಣಲಿಲ್ಲ, ಆದರೆ ಅವರ ಮಾದರಿಗಳನ್ನು ಆಸ್ಪತ್ರೆಯವರು ಸರಿಯಾಗಿ ತಣ್ಣಗಿಟ್ಟಿರಲಿಲ್ಲ. ಕಣ್ಣುಮುಚ್ಚಿ ನಂಬಬಹುದಾದ ಮಾದರಿ ಒಂದೇ, ಅದರ ನಂಬರ್ ಸೊನ್ನೆ. ಸೊನ್ನೆ ನಾನೇ. ಆಗ ಯಾರೂ ಮುಂದೆ ಬರದಿದ್ದಾಗ ತೋಳಿನಿಂದ ಒಂದು ಚೂರು ತೆಗೆಸಿ ಕೊಟ್ಟೆ. ವಿಜ್ಞಾನಕ್ಕೆ ಜೀವ ತೇಯ್ದೆ ಎನ್ನುವವರು ಬೇಕಾದಷ್ಟು ಜನ ಇದ್ದಾರೆ, ಮಾಂಸ ಕೊಟ್ಟವರು ಕಡಿಮೆ.

ಜೂನ್‌ನಲ್ಲಿ ನಮ್ಮಲ್ಲೇ ಸಮ್ಮೇಳನ. ಮುಖ್ಯ ಭಾಷಣ ನನ್ನದು. ಮೀಸೆಯೂ ಬರುತ್ತಾನೆ.

ಮಾರ್ಚ್ ೯, ಭಾನುವಾರ

ಮಗಳ ಅಂಗಡಿಗೆ ಹೋಗಿ ಕಟಿಂಗ್ ಮಾಡಿಸಿಕೊಂಡು ಬಂದೆ. ವಿಜ್ಞಾನಿಯ ಮಗಳು ಕತ್ತರಿ ಹಿಡಿದಳಲ್ಲ ಅಂತ ಮೊದಮೊದಲು ಗುರುತಿನವರಿಂದ ಮುಖ ತಪ್ಪಿಸಿಕೊಂಡು ಓಡಾಡಿದ್ದುಂಟು. ಈಗ ಬಿಟ್ಟಿ ಕಟಿಂಗ್ ಸಿಗುವುದರಿಂದ ರಾಜಿಯಾಗಿದ್ದೇನೆ. ಅವಳ ಕೈಗುಣ ಚೆನ್ನಾಗಿದೆ, ಗಿರಾಕಿಗಳು ಕಾದು ಕೂರುತ್ತಾರೆ. ಆದರೆ ಹುಡುಗಿ ಸೋಮಾರಿ. ಗಿರಾಕಿ ಕೂರುವ ಕುರ್ಚಿಗಳ ಕಾಲನ್ನೇ ಕತ್ತರಿಸಿ ಗಿಡ್ಡ ಮಾಡಿಸಿದ್ದಾಳೆ.

"ಕೈ ಎತ್ತಿ ಹಿಡಿದ್ರೆ ಭುಜ ಕಿತ್ತು ಬರುತ್ತಪ್ಪ" ಅಂದಳು. ನಡುನಡುವೆ ನಿಂತು ಬಲಗೈಯ ಮೊಣಕೈಯನ್ನು ಎಡಗೈಯಿಂದ ಎತ್ತಿ ಹಿಡಿದು ಕತ್ತರಿ ಆಡಿಸುತ್ತಾಳೆ.

"ಬೆಳಿಗ್ಗೆ ಬೇಗ ಎದ್ದು ವ್ಯಾಯಾಮ ಮಾಡು. ನಿನ್ನ ವಯಸ್ಸಲ್ಲಿ ನಾನು ಹೀಗಿರ್ಲಿಲ್ಲ."

"ನನ್ನ ವಯಸ್ಸಲ್ಲಿ ನೀನು ಏನು ಎತ್ತುತ್ತಿದ್ದೆ ಅಪ್ಪ?"

"ಜವಾಬ್ದಾರಿ."

ನಕ್ಕಳು. ನನ್ನ ನಗುವಿನ ಹಾಗೆ ಅವಳದೂ ಕಣ್ಣಿಗೆ ಕಾಣುವುದಿಲ್ಲ, ಕೇಳಿಸುತ್ತದೆ ಅಷ್ಟೆ.

ಲ್ಯಾಬಿನ ನನ್ನ ಕೋಣೆಗೆ ಹೊಸ ಶೆಲ್ಫ್ ಬಂದಿದೆ. ಬಡಗಿ ಅದನ್ನು ಮನುಷ್ಯರಿಗೆ ಎಟುಕದಷ್ಟು ಎತ್ತರದಲ್ಲಿ ಹೊಡೆದು ಹೋಗಿದ್ದಾನೆ. ಪುಸ್ತಕ ಇಡಲು ಹೋಗಿ ಎರಡು ಸಲ ತಲೆಯ ಮೇಲೆ ಬೀಳಿಸಿಕೊಂಡೆ. ಹೇಳಿ ಕಳಿಸಬೇಕು.

ಮಾರ್ಚ್ ೧೪, ಶುಕ್ರವಾರ

ಶುಕ್ರವಾರ ರೋಗಿಗಳ ದಿನ. ಹನ್ನೊಂದು ಬಂದಿದ್ದ. ಮಾದರಿ ಹನ್ನೊಂದು, ಗಡಿಯಾರ ರಿಪೇರಿಯವನು, ಬಹಳ ವರ್ಷದಿಂದ ಬರುತ್ತಾನೆ, ಬಹಳ ಮಾತಾಡುತ್ತಾನೆ. ಕಣ್ಣು ಗಟ್ಟಿಯಾಗಿ ಮುಚ್ಚಿ, ಕೆನ್ನೆ ಉಬ್ಬಿಸಿ, ಸಿಳ್ಳೆ ಹೊಡೀರಿ, ಕೈ ತಲೆ ಮೇಲೆತ್ತಿ, ಇದಿಷ್ಟು ಪರೀಕ್ಷೆ. ಹೇಗೆ ಮಾಡಬೇಕೆಂದು ತೋರಿಸುವ ಕೆಲಸ ನನ್ನ ಕಿರಿಯ ಸಹೋದ್ಯೋಗಿ ಅನುಮಾನಕ್ಕನದು. ಎರಡಕ್ಕೆರಡು ನಾಲ್ಕು ಅಂದರೂ "ಹೌದಾ ಸಾರ್?" ಅನ್ನುವುದರಿಂದ ಆಕೆಗೆ ಆ ಹೆಸರಿಟ್ಟಿದ್ದೇನೆ, ಮನಸ್ಸಿನಲ್ಲಿ. ಸಿಳ್ಳೆಯನ್ನಂತೂ ಆಕೆಗೇ ಬಿಡುತ್ತೇನೆ. ನನಗೆ ಮೊದಲಿಂದಲೂ ಸಂಗೀತ ಹತ್ತುವುದಿಲ್ಲ.

ಪರೀಕ್ಷೆ ಮುಗಿದ ಮೇಲೆ ಹನ್ನೊಂದು ಕುರ್ಚಿ ಬಿಟ್ಟು ಏಳಲಿಲ್ಲ. "ಸಾರ್, ಆ ಇನ್ನೊಬ್ಬ ಪ್ರೊಫೆಸರ್ ಔಷಧಿ ಪರೀಕ್ಷೆಗೆ ಜನ ಸೇರಿಸ್ಕೋತಿದಾರಂತೆ. ನನ್ನ ಮಗನ್ನ ಕಳಿಸ್ಲಾ? ನನ್ನ ಕಥೆ ಬಿಡಿ, ಸ್ಪ್ರಿಂಗ್ ಹೋದ ಗಡಿಯಾರ. ಅವನಿಗಿನ್ನೂ ಇಪ್ಪತ್ತೆರಡು."

"ದಾರಿಹೋಕನನ್ನ ಹಿಡಿದು ಜೈಲಿಗೆ ಹಾಕಿದ್ರೆ ಕೊಲೆ ನಿಲ್ಲುತ್ತೇನಪ್ಪ?"

ಅವನಿಗೆ ಅರ್ಥವಾಗಲಿಲ್ಲ. ಆದರೂ "ಆಯ್ತು ಸಾರ್, ನೀವೇ ಹೇಳಿದ ಮೇಲೆ ಇನ್ನೇನು" ಅಂದು ಎದ್ದುಹೋದ. ಮೀಸೆಗೆ ಒಬ್ಬ ರೋಗಿ ಕಡಿಮೆಯಾದ.

ಮಾರ್ಚ್ ೨೭, ಗುರುವಾರ

ಸಮ್ಮೇಳನದ ಪುಸ್ತಿಕೆಗೆ ಫೋಟೋ ತೆಗೆಸಿದರು. ಫೋಟೋದವನು "ಸ್ವಲ್ಪ ನಗಿ ಸಾರ್" ಅಂದ. ನಗುತ್ತಲೇ ಇದ್ದೆ. ಮತ್ತೆ "ಸ್ವಲ್ಪ ನಗಿ ಸಾರ್" ಅಂದ. ಇನ್ನೂ ನಕ್ಕೆ. ಕೊನೆಗೆ "ಇರ್ಲಿ ಬಿಡಿ, ವಿಜ್ಞಾನಿಗಳು ಹೀಗೇ ಇದ್ರೆ ಗಾಂಭೀರ್ಯ" ಅಂದ.

ಮನೆಯಲ್ಲಿ ಫೋಟೋ ತೋರಿಸಿದಾಗ ನನ್ನಾಕೆ, "ಈ ಮುಖಕ್ಕೆ ಸಿಟ್ಟು ಬಂದಿದ್ಯೋ ಇಲ್ವೋ ಅಂತ ಲೆಕ್ಕ ಹಾಕೋದ್ರಲ್ಲೇ ನನ್ನ ಅರ್ಧ ಆಯಸ್ಸು ಹೋಯ್ತು" ಅಂದಳು. ಉತ್ಪ್ರೇಕ್ಷೆ ಅವಳ ಸ್ವಭಾವ.

ಏಪ್ರಿಲ್ ೬, ಭಾನುವಾರ

ಸೋದರತ್ತೆ ಬಂದಿದ್ದಾರೆ, ಅಪ್ಪನ ತಂಗಿ. ಊಟ ಮಾಡಿ ಸೋಫಾದ ಮೇಲೆ ಒರಗಿದವರು ಹಾಗೇ ನಿದ್ದೆ ಹೋದರು, ಕಣ್ಣು ಅರ್ಧ ತೆರೆದೇ ಇತ್ತು. ನನ್ನಾಕೆ ಗಾಬರಿಯಾಗಿ ಮೂಗಿನ ಹತ್ತಿರ ಕೈ ಹಿಡಿದು ನೋಡಿದಳು. ಅತ್ತೆಗೆ ಎಚ್ಚರವಾಯಿತು.

"ನಾನು ಇದ್ದೀನಮ್ಮ, ಹೋಗಿಲ್ಲ. ನಮ್ಮ ಮನೆತನದವರು ಮಲಗೋದೇ ಹೀಗೆ. ನಿದ್ದೇಲೂ ಮನೆ ಮೇಲೊಂದು ಕಣ್ಣು. ನಮ್ಮಣ್ಣನೂ ಹಾಗೇ. ನಮಗೆ ಮೋಸ ಮಾಡೋಕೆ ಯಾರ ಕೈಲೂ ಆಗಲ್ಲ."

"ನಾನೂ ಹಾಗೇ ಮಲಗೋದು ಅಜ್ಜಿ" ಅಂದಳು ಮಗಳು.

"ಮತ್ತೆ? ರಕ್ತ ಎಲ್ಲಿ ಹೋಗುತ್ತೆ?" ಅಂದರು ಅತ್ತೆ, ಹೆಮ್ಮೆಯಿಂದ.

ಮಗಳು ಎಲ್ಲರಿಗೂ ಹಣ್ಣಿನ ರಸ ತಂದಳು, ಸ್ಟ್ರಾ ಹಾಕಿ. ಅತ್ತೆ, ನಾನು, ಮಗಳು ಮೂವರೂ ಸ್ಟ್ರಾ ತೆಗೆದು ಪಕ್ಕಕ್ಕಿಟ್ಟು ಲೋಟ ಎತ್ತಿ ಕುಡಿದೆವು. ನನ್ನಾಕೆ ತನ್ನ ಸ್ಟ್ರಾ ಹೀರುತ್ತ ನಮ್ಮನ್ನೇ ನೋಡುತ್ತಿದ್ದಳು. ಆಮೇಲೆ ಅಡುಗೆಮನೆಯಲ್ಲಿ ಕೇಳಿದಳು, "ರೀ, ನಿಮ್ಮಪ್ಪನಿಗೆ ಕೊನೆಗೆ ಏನಾಗಿತ್ತು?"

"ವಯಸ್ಸಾಗಿತ್ತು."

"ನಲವತ್ತೆಂಟು ವಯಸ್ಸೇನ್ರೀ?"

ಅಪ್ಪ ಸ್ನಾನಕ್ಕೆ ಕೂತಾಗ ಭುಜದ ಹಿಂದಿನ ಮೂಳೆಗಳು ರೆಕ್ಕೆಯ ಹಾಗೆ ಎದ್ದು ನಿಲ್ಲುತ್ತಿದ್ದವು. ಚಿಕ್ಕವನಾಗಿದ್ದಾಗ ನಾನು ಅವುಗಳ ಮೇಲೆ ಕೈಯಿಟ್ಟು "ಹಾರಪ್ಪ" ಅನ್ನುತ್ತಿದ್ದೆ. ಈ ಮಾತು ಯಾಕೆ ನೆನಪಾಯಿತೋ, ಭಾಷಣದ ಎರಡನೆಯ ಭಾಗ ಇನ್ನೂ ಬರೆದಿಲ್ಲ.

ಏಪ್ರಿಲ್ ೧೫, ಮಂಗಳವಾರ

ಅನುಮಾನಕ್ಕ ಒಂದು ಸಲಹೆ ತಂದಳು. "ಸಾರ್, ಆರೋಗ್ಯವಂತರ ಮಾದರಿಗಳಿಗೂ ಜೀನ್ ಪರೀಕ್ಷೆ ಮಾಡಿಸಿಬಿಡೋಣ. ಹೆಸರು, ನಂಬರು ಎಲ್ಲ ಮುಚ್ಚಿ ಹೊರಗಿನ ಲ್ಯಾಬಿಗೆ ಕಳಿಸೋಣ. ಸಮ್ಮೇಳನದಲ್ಲಿ ಯಾರೂ ಬಾಯಿ ತೆರೆಯೋ ಹಾಗಿರಲ್ಲ."

ರೋಗಿಗಳಿಗೆ ಎಂದೋ ಮಾಡಿಸಿದ್ದೇವೆ. ನಾಲ್ಕನೆಯ ಕ್ರೋಮೋಸೋಮಿನ ತುದಿಯಲ್ಲಿ ಒಂದೇ ಮಾತನ್ನು ಮತ್ತೆ ಮತ್ತೆ ಬರೆದಂಥ ಒಂದು ತುಂಡಿದೆ. ಆರೋಗ್ಯವಂತರಲ್ಲಿ ಅದು ಉದ್ದ, ಈ ರೋಗವಿದ್ದವರಲ್ಲಿ ಗಿಡ್ಡ. ಆರೋಗ್ಯವಂತರಿಗೆ ಯಾಕೆ ಬೇಕು ಆ ಪರೀಕ್ಷೆ ಅಂತ ಇಷ್ಟು ವರ್ಷ ಮಾಡಿಸಿರಲಿಲ್ಲ. ಮೊದಲ ಸಲ ಆಕೆಯ ಅನುಮಾನ ನನ್ನ ಕೆಲಸಕ್ಕೆ ಬಂದಿದೆ. ಮೀಸೆಯ ಬಾಯಿಗೆ ಬೀಗ ಬೀಳುತ್ತದೆ, ಕೀಲಿ ನನ್ನ ಜೇಬಿನಲ್ಲಿರುತ್ತದೆ. ಸಹಿ ಹಾಕಿ ಕಳಿಸಿದೆ.

ಮೇ ೨, ಶುಕ್ರವಾರ

ಹೊರಗಿನ ಲ್ಯಾಬಿನವರು ಕೆಲಸ ಕೆಡಿಸಿದ್ದಾರೆ. ಆರೋಗ್ಯವಂತರಲ್ಲಿ ಒಬ್ಬನ ತುಂಡು ಗಿಡ್ಡ ಅಂತ ಬಂದಿದೆ. ಮುಚ್ಚಿದ್ದ ನಂಬರು ತೆಗೆದು ನೋಡಿದರೆ ಸೊನ್ನೆ.

ಅನುಮಾನಕ್ಕನನ್ನು ಕರೆದು ಬೈದೆ. ಸೊನ್ನೆಯ ಟ್ಯೂಬಿಗೆ ಹನ್ನೊಂದರದು ಹಾಕಿದ್ದೀಯ ಅಂದೆ. ಇಂಥ ಕೈಯಲ್ಲಿ ವಿಜ್ಞಾನ ಮಾಡುವುದಕ್ಕಿಂತ ಟ್ಯೂಬು ತೊಳೆಯುವುದು ವಾಸಿ ಅಂತಲೂ ಅಂದೆ. ಆಕೆ ನನ್ನ ಮುಖವನ್ನೇ, ಅದರಲ್ಲೂ ಬಾಯಿಯ ಸುತ್ತ, ನೋಡುತ್ತ ನಿಂತಳು. "ಮತ್ತೊಂದ್ಸಲ ಕಳಿಸೋಣ ಸಾರ್" ಅಂತಷ್ಟೇ ಅಂದಳು.

ಹೊಸ ರಕ್ತ ಕೊಟ್ಟೆ. ಟ್ಯೂಬಿನ ಮೇಲೆ ನನ್ನ ಕೈಯಿಂದಲೇ ಬರೆದು, ಮುಚ್ಚಳ ತಿರುಗಿಸಿ, ನಾನೇ ಹೋಗಿ ಕೊಟ್ಟು ಬಂದೆ.

ಮೇ ೧೧, ಭಾನುವಾರ

ಫಲಿತಾಂಶಕ್ಕೆ ಕಾಯುತ್ತಿದ್ದೇನೆ. ಮೊದಲ ಸಲ ಹೇಗೆ ತಪ್ಪಾಗಿರಬಹುದು ಎಂಬುದಕ್ಕೆ ಏಳು ಕಾರಣ ಹೊಳೆದಿವೆ, ಒಂದಕ್ಕಿಂತ ಒಂದು ಚೆನ್ನಾಗಿವೆ.

ರಜೆಯಾದರೂ ಬಡಗಿಯನ್ನು ಲ್ಯಾಬಿಗೆ ಕರೆಸಿದೆ. "ಏನಯ್ಯಾ, ಶೆಲ್ಫನ್ನ ಆಕಾಶದಲ್ಲಿ ಹೊಡೆದಿದ್ದೀಯಲ್ಲ?" ಅಂದೆ. ಅವನು ನನಗಿಂತ ಗೇಣುದ್ದ ಕುಳ್ಳ. ಕೈ ಎತ್ತಿ ಶೆಲ್ಫಿನ ಮೇಲಿದ್ದ ದಪ್ಪ ಪುಸ್ತಕ ತೆಗೆದ, ಧೂಳು ಊದಿದ, ವಾಪಸ್ ಇಟ್ಟ. "ಎಷ್ಟು ಇಳಿಸ್ಬೇಕು ಸಾರ್?" ಅಂದ.

ಬಡಗಿಗಳ ಕೈ ಕೆಲಸ ಮಾಡಿ ಮಾಡಿ ಉದ್ದ ಬೆಳೆದಿರುತ್ತದೋ ಏನೋ. ಎರಡು ಅಡಿ ಇಳಿಸಲು ಹೇಳಿದೆ.

ಮೇ ೧೯, ಸೋಮವಾರ

ಬಂತು. ಅದೇ.

ಮೇ ೨೦, ಮಂಗಳವಾರ

ಬೆಳಿಗ್ಗೆ ಸ್ನಾನದಮನೆಯ ಬಾಗಿಲು ಹಾಕಿಕೊಂಡು ಪರೀಕ್ಷೆ ಮಾಡಿಕೊಂಡೆ. ಕಣ್ಣು ಗಟ್ಟಿಯಾಗಿ ಮುಚ್ಚಿದೆ, ರೆಪ್ಪೆಯ ಸಂದಿನಲ್ಲಿ ಬೆಳಕು ಕಾಣುತ್ತಲೇ ಇತ್ತು. ಕೆನ್ನೆ ಉಬ್ಬಿಸಿದೆ, ಗಾಳಿ ತುಟಿಯ ಮೂಲೆಯಿಂದ ಸೋರಿಹೋಯಿತು, ಸ್ಟ್ರಾ ಹೀರಲಾಗದ್ದೂ ಇದೇ ತುಟಿಗೆ. ಸಿಳ್ಳೆಗೆ ಬಂದದ್ದು ಬರಿಯ ಉಸಿರು. ಕೈಗಳು ಭುಜದ ಮಟ್ಟದವರೆಗೆ ಹೋಗಿ ನಿಂತವು. ನನ್ನಾಕೆಯ ಕೈಗನ್ನಡಿಯನ್ನು ಹಿಂದೆ ಹಿಡಿದು ದೊಡ್ಡ ಕನ್ನಡಿಯಲ್ಲಿ ಬೆನ್ನು ನೋಡಿಕೊಂಡೆ. ಅಪ್ಪ ನಿಂತಿದ್ದರು.

ಮೂವತ್ತು ವರ್ಷ ಈ ಕಾಯಿಲೆಯನ್ನು ಕಣ್ಣಲ್ಲಿ ಕಣ್ಣಿಟ್ಟು ಹುಡುಕಿದ್ದೇನೆ. ಪ್ರತಿ ರೋಗಿಯ ಬೆನ್ನು ನೋಡಿದ್ದೇನೆ, ನನ್ನದೊಂದನ್ನು ಬಿಟ್ಟು.

ಹಾಗಾದರೆ ಸೊನ್ನೆಯಲ್ಲಿ ಆ ಪ್ರೋಟೀನು ಸಿಕ್ಕಿದ್ದು ಸೊನ್ನೆಗೆ ಕಾಯಿಲೆ ಇದ್ದುದರಿಂದ. ಉಳಿದ ಆರೋಗ್ಯವಂತರಲ್ಲಿ ಕಾಣದೇ ಹೋದದ್ದು ಅವರು ಆರೋಗ್ಯವಾಗಿದ್ದುದರಿಂದ. ಆಸ್ಪತ್ರೆಯವರು ಮಾದರಿಗಳನ್ನು ತಣ್ಣಗೇ ಇಟ್ಟಿದ್ದರು. ದಾರಿಹೋಕ ದಾರಿಹೋಕನಲ್ಲ. ನಾನು ರೋಗಿಯಾದರೆ ಮೀಸೆ ಸರಿ, ಮೀಸೆ ತಪ್ಪಾದರೆ ನಾನು ಆರೋಗ್ಯವಂತ. ಎರಡರಲ್ಲಿ ಯಾವುದು ಹೆಚ್ಚು ಅವಮಾನ ಎಂದು ಯೋಚಿಸುತ್ತ ಬಹಳ ಹೊತ್ತು ಟಬ್ಬಿನ ಅಂಚಿನ ಮೇಲೆ ಕೂತಿದ್ದೆ. ನನ್ನಾಕೆ ಬಾಗಿಲು ತಟ್ಟಿದಳು.

ಮಗಳು ಕುರ್ಚಿಯ ಕಾಲು ಕತ್ತರಿಸಿದ್ದು...

ಮೇ ೨೮, ಬುಧವಾರ

ದಾರಿ ಒಂದಿದೆ. ಸೊನ್ನೆಯ ಮಾದರಿ ಕೆಟ್ಟುಹೋಯಿತು, ಆದ್ದರಿಂದ ಕೈಬಿಟ್ಟಿದ್ದೇವೆ ಅಂತ ಭಾಷಣದಲ್ಲಿ ಒಂದು ಸಾಲು ಸೇರಿಸಿದರೆ ಸಾಕು. ಸುಳ್ಳೂ ಅಲ್ಲ, ಮಾದರಿ ಹುಟ್ಟುವಾಗಲೇ ಕೆಟ್ಟಿತ್ತು. ಅನುಮಾನಕ್ಕನಿಗೆ ಹೀಗೆ ಮಾಡೋಣ ಅಂದೆ.

ಆಕೆ ಈ ಸಲ "ಹೌದಾ ಸಾರ್?" ಅನ್ನಲಿಲ್ಲ. "ಮಗಳಿಗೆ ಹೇಳಿದ್ರಾ ಸಾರ್?" ಅಂದಳು.

"ಅದು ನಿನಗೆ ಸಂಬಂಧವಿಲ್ಲದ ವಿಷಯ."

"ಹೌದು ಸಾರ್. ಅವರದೇ ವಿಷಯ" ಅಂದು ಹೋದಳು.

ಮಧ್ಯಾಹ್ನ ಗಡಿಯಾರ ರಿಪೇರಿಯವರು ಬಂದಿದ್ದರು, ಶುಕ್ರವಾರ ಅಲ್ಲದಿದ್ದರೂ. ಮಗನಿಗೆ ಈಗ ಮೆಟ್ಟಿಲು ಹತ್ತುವಾಗ ಕಂಬಿ ಬೇಕಾಗುತ್ತದಂತೆ. ಕೈಯಲ್ಲಿದ್ದ ಟೋಪಿಯನ್ನು ತಿರುಗಿಸುತ್ತ, "ಸಾರ್, ಅವತ್ತು ನೀವು ಹೇಳಿದ್ದು ಸರಿಯಾಗಿ ಅರ್ಥ ಆಗ್ಲಿಲ್ಲ. ಇನ್ನೊಂದ್ಸಲ ಹೇಳ್ತೀರಾ?" ಅಂದರು.

ಕುರ್ಚಿ ಎಳೆದು ಅವರ ಎದುರು ಕೂತೆ. "ಮಗನನ್ನ ಆ ಪ್ರೊಫೆಸರ್ ಹತ್ರ ಕಳಿಸಿ" ಅಂದೆ. "ಹೆಸರು ಬರೆಸೋದಕ್ಕೆ ಇನ್ನೂ ಸಮಯ ಇದೆ. ನಾನೇ ಫೋನ್ ಮಾಡ್ತೀನಿ."

"ದಾರಿಹೋಕ ಅಂದಿದ್ರಿ?"

"ನಾನು ತಪ್ಪು ಹೇಳಿದ್ದೆ ಅಣ್ಣ."

ಅವರು ಹೋದ ಮೇಲೆ ಭಾಷಣಕ್ಕೆ ಸೇರಿಸಿದ್ದ ಸಾಲನ್ನು ಹೊಡೆದುಹಾಕಿದೆ. ಸಾಲು ಚೆನ್ನಾಗಿತ್ತು.

ಜೂನ್ ೧, ಭಾನುವಾರ

ಅಂಗಡಿ ತೆರೆಯುವ ಮೊದಲೇ ಹೋದೆ. ಗಿಡ್ಡ ಕುರ್ಚಿಯ ಮೇಲೆ ಕೂತೆ. ಹೇಳಬೇಕೆಂದುಕೊಂಡಾಗೆಲ್ಲ ಎದುರಿನ ಕನ್ನಡಿಯಲ್ಲಿ ಅವಳ ಮುಖ ಕಾಣುತ್ತಿತ್ತು. ಇಬ್ಬರದೂ ಒಂದೇ ಮುಖ, ಒಂದು ಮೇಲೆ, ಒಂದು ಕೆಳಗೆ.

ನೆತ್ತಿಯ ಹತ್ತಿರ ಬಂದಾಗ ಅವಳ ಕೈ ಜಾರಿತು. ಮೊಣಕೈ ಹಿಡಿದುಕೊಂಡು, "ಇನ್ನೂ ಸ್ವಲ್ಪ ಕೆಳಗೆ ಕೂತ್ಕೋ ಅಪ್ಪ" ಅಂದಳು. ಕುರ್ಚಿಯಿಂದಿಳಿದು ನೆಲದ ಮೇಲೆ, ಬಿದ್ದ ಕೂದಲ ನಡುವೆ ಕೂತೆ. ಅಲ್ಲಿಂದ ಕನ್ನಡಿ ಕಾಣುವುದಿಲ್ಲ. ಆಗ ಹೇಳಿದೆ. ನನಗೆ ಇರುವುದನ್ನು, ಅಪ್ಪನಿಗೆ ಇದ್ದುದನ್ನು, ಅವಳಿಗೆ ಇರಬಹುದಾದ್ದನ್ನು. ಪರೀಕ್ಷೆ ಮಾಡಿಸಿದರೆ ಮಾತ್ರ ಖಚಿತ ಅಂತಲೂ ಹೇಳಿದೆ, ವಿಜ್ಞಾನಿಯ ಹಾಗೆ.

ಕತ್ತರಿಯ ಸದ್ದು ನಿಂತಿತು. ಅತ್ತಾಳು ಎಂದುಕೊಂಡೆ.

"ಅಂದ್ರೆ ನಾನು ಸೋಮಾರಿ ಅಲ್ಲ" ಅಂದಳು.

ಅವಳು ಮತ್ತೆ ಅಂದಳು, ತನಗೆ ತಾನೇ ಎಂಬಂತೆ, "ಸ್ಕೂಲಲ್ಲೂ ಹಾಗೇ ಅಂತಿದ್ರು. ನೀನೂ ಅಂತಿದ್ದೆ. ನಾನೂ ಹಾಗೇ ಅಂದ್ಕೊಂಡಿದ್ದೆ. ನಾನು ಸೋಮಾರಿ ಅಲ್ಲ."

ಹಿಂದಿನಿಂದ ನನ್ನ ತಲೆಯ ಮೇಲೆ ಗಲ್ಲ ಊರಿ ಬಹಳ ಹೊತ್ತು ಹಾಗೇ ಇದ್ದಳು. ನಕ್ಕಳೋ ಅತ್ತಳೋ ಗೊತ್ತಾಗಲಿಲ್ಲ, ನೆತ್ತಿ ಒದ್ದೆಯಾಗಿತ್ತು. ಆಮೇಲೆ ಕಟಿಂಗ್ ಮುಗಿಸಿದಳು. ಒಂದು ಕಡೆ ಸ್ವಲ್ಪ ಹೆಚ್ಚು ಹೋಗಿದೆ. ಇರಲಿ.

ಮನೆಗೆ ಬಂದು ನನ್ನಾಕೆಗೂ ಹೇಳಿದೆ. "ಸ್ಟ್ರಾ ತೆಗೆದಿಟ್ಟ ದಿನದಿಂದ ಕಾಯ್ತಾ ಇದ್ದೆ, ನೀವೇ ಹೇಳ್ತೀರಿ ಅಂತ" ಅಂದಳು. ಮೂಲೆಯಲ್ಲಿ ನಿಂತು ಕಣ್ಣೊರೆಸಿಕೊಂಡಳು.

ಜೂನ್ ೬, ಶುಕ್ರವಾರ

ಸಮ್ಮೇಳನ ಮುಗಿಯಿತು. ಭಾಷಣ ಇಪ್ಪತ್ತು ನಿಮಿಷದ್ದು, ಆಡಿದ್ದು ನಾಲ್ಕೇ ಮಾತು. ನನ್ನ ಸಿದ್ಧಾಂತಕ್ಕೆ ಆಧಾರವಾಗಿದ್ದ ಆರೋಗ್ಯವಂತ ಒಬ್ಬನೇ, ಅವನು ಆರೋಗ್ಯವಂತನಲ್ಲ, ಅವನು ನಾನು, ಸಿದ್ಧಾಂತ ವಾಪಸ್. ಯಾರೋ ಒಬ್ಬರು ಇದು ತಮಾಷೆ ಎಂದುಕೊಂಡು ನಕ್ಕರು. ನಂಬಿಕೆ ಬರಲೆಂದು ಮೈಕಿನ ಮುಂದೆ ಸಿಳ್ಳೆ ಹೊಡೆಯಲು ಹೋದೆ. ಸ್ಪೀಕರುಗಳಲ್ಲೆಲ್ಲ ನನ್ನ ಉಸಿರು ಬುಸುಗುಟ್ಟಿತು. ಅನುಮಾನಕ್ಕ ಎದ್ದು ನಿಂತು ಚಪ್ಪಾಳೆ ತಟ್ಟಿದಳು, ಒಬ್ಬಳೇ, ಆಮೇಲೆ ಕೆಲವರು. ಟ್ಯೂಬು ತೊಳೆಯುವ ಮಾತನ್ನು ವಾಪಸ್ ತೆಗೆದುಕೊಳ್ಳುವುದೊಂದು ಬಾಕಿಯಿತ್ತು, ಅದನ್ನೂ ಕೆಳಗಿಳಿದು ಬಂದು ಮುಗಿಸಿದೆ.

ಮೀಸೆ ಹೊರಗೆ ವರಾಂಡದಲ್ಲಿ ಕಾಯುತ್ತಿದ್ದ. ಗೆದ್ದವನು ಏನಾದರೂ ಅಂದೇ ಅನ್ನುತ್ತಾನೆ ಅಂತ ಎದೆ ಗಟ್ಟಿ ಮಾಡಿಕೊಂಡೆ. ಅವನು ಬಹಳ ಹೊತ್ತು ನನ್ನ ಮುಖ ನೋಡಿದ. ಬೇರೆ ಯಾರದೋ ಮುಖ ನೋಡುವ ಹಾಗೆ.

"ಹಾಸ್ಟೆಲ್ಲಲ್ಲಿ ನಾನು ಮೊದಲನೇ ಸಲ ಭಾಷಣ ಮಾಡಿದ್ದು ನೆನಪಿದೆಯೇನೋ? ಮುಗಿಸಿ ನಿನ್ನ ಕಡೆ ನೋಡ್ದೆ. ರೂಮೆಲ್ಲ ನಗ್ತಾ ಇತ್ತು, ನೀನೊಬ್ಬ ನಗಲಿಲ್ಲ. ಎಂಥ ಸೊಕ್ಕಪ್ಪ ಇವನಿಗೆ, ತೋರಿಸ್ತೀನಿ ಇವನಿಗೆ ಒಂದಿನ ಅಂದ್ಕೊಂಡೆ."

"ನಕ್ಕಿದ್ದೆ ಕಣಯ್ಯ" ಅಂದೆ. "ಎಲ್ಲರಿಗಿಂತ ಜಾಸ್ತಿ ನಕ್ಕಿದ್ದೆ."

ಅವನು ಮೀಸೆ ಸವರಿಕೊಂಡ. ಅದು ಪೂರ್ತಿ ಬೆಳ್ಳಗಾಗಿರುವುದನ್ನು ನಾನು ಇವತ್ತೇ ಗಮನಿಸಿದ್ದು. "ಮಗಳನ್ನ ಯಾವಾಗ ಕರ್ಕೊಂಡು ಬರ್ತೀಯ?" ಅಂದ.

ಜೂನ್ ೨೪, ಮಂಗಳವಾರ

ಮಗಳ ಪರೀಕ್ಷೆಯಲ್ಲೂ ಗಿಡ್ಡ ಅಂತಲೇ ಬಂತು. ಇವತ್ತು ಮೀಸೆಯ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಗಡಿಯಾರದಣ್ಣ ಮಗನ ಜೊತೆ ಮೊದಲೇ ಬಂದು ನಮಗೂ ಜಾಗ ಹಿಡಿದಿದ್ದರು. ಮಕ್ಕಳಿಬ್ಬರೂ ಪಕ್ಕಪಕ್ಕ ಕೂತು, ಯಾರು ಸಿಳ್ಳೆಯನ್ನು ಹೆಚ್ಚು ಕೆಟ್ಟದಾಗಿ ಹೊಡೆಯುತ್ತಾರೆ ಅಂತ ಪಂದ್ಯ ಕಟ್ಟಿದರು. ಅವನ ಕೂದಲು ನೋಡಿ, "ಇದನ್ನ ಯಾರು ಕತ್ತರಿಸಿದ್ದು? ಅಂಗಡಿಗೆ ಬಾ" ಅಂದಳು ಇವಳು.

ಒಳಗೆ ಕರೆದು ಮಗಳಿಗೆ ನಂಬರ್ ಕೊಟ್ಟರು. ಮೂವತ್ತನಾಲ್ಕು. ಬಾಗಿಲಲ್ಲಿ ನಿಂತ ಹುಡುಗಿ "ಮೂವತ್ತನಾಲ್ಕು ಬನ್ನಿ" ಅಂದಳು. ಅವಳಿಗೊಂದು ಹೆಸರಿಲ್ಲವೇ ಅಂತ ಸಿಟ್ಟು ನೆತ್ತಿಗೇರಿತು. ಅದನ್ನು ಹೇಳಿಯೂಬಿಟ್ಟೆ. ಎಂಥೆಂಥವರು ಈ ಕ್ಷೇತ್ರದಲ್ಲಿದ್ದಾರೆ, ಮನುಷ್ಯರನ್ನು ನಂಬರಿನಿಂದ ಕರೆಯುತ್ತಾರೆ.

ಅರ್ಧ ಜನಕ್ಕೆ ನಿಜವಾದ ಔಷಧಿ, ಅರ್ಧ ಜನಕ್ಕೆ ಬರಿಯ ನೀರು. ಯಾರಿಗೆ ಯಾವುದೆಂದು ಮುಗಿಯುವವರೆಗೆ ಮೀಸೆಗೂ ಗೊತ್ತಿರುವುದಿಲ್ಲ. ಕೆಲಸ ಅಚ್ಚುಕಟ್ಟು. ಹೊರಗೆ ಬೆಂಚಿನ ಮೇಲೆ ಕೂತು, ಬರುವಾಗ ಚೀಲಕ್ಕೆ ಹಾಕಿಕೊಂಡಿದ್ದ ಈ ದಿನಚರಿಯಲ್ಲಿ ಒಂದು ಸಾಲು ಬರೆದೆ:

ದೇವರೇ, ಮೀಸೆ ಹೇಳಿದ್ದೆಲ್ಲ ಸರಿಯಾಗಿರಲಿ, ಒಂದಕ್ಷರವೂ ತಪ್ಪದಿರಲಿ.

ಬರೆದು ಮತ್ತೆ ಓದಿದೆ. ಅಕ್ಷರ ನನ್ನವೇ.